ಔಷಧಿಯ ದಿನಗಳನ್ನು ಯಾವ ತುದಿಯಿಂದ ಎಣಿಸಬೇಕು?

2019ರ ಜನವರಿ 21, ಸೋಮವಾರ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಯ ಗೋದಾಮಿನಲ್ಲಿ ಮಲೇರಿಯಾ ಮಾತ್ರೆಯ ಒಂದು ಬ್ಯಾಚ್ ಹೊರಡಲು ಸಿದ್ಧವಾಗಿತ್ತು. ಹೋಗಬೇಕಾದ್ದು ಆಫ್ರಿಕಾದ ಮಲಾವಿ ದೇಶಕ್ಕೆ. ಕಾಗದಪತ್ರ ಎಲ್ಲ ಆಗಿತ್ತು. ಆದರೆ ಕಂಟೇನರ್ ಅರ್ಧ ಮಾತ್ರ ತುಂಬುತ್ತಿತ್ತು. ಇನ್ನೊಂದು ಬ್ಯಾಚ್ ನಾಲ್ಕು ವಾರದಲ್ಲಿ ಕೈಗೆ ಬರುವುದಿತ್ತು. ಎರಡನ್ನೂ ಒಟ್ಟಿಗೆ ಕಳಿಸಿದರೆ ಒಂದು ಕಂಟೇನರಿನ ಬಾಡಿಗೆ ಉಳಿಯುತ್ತದೆ ಅಂತ ಲೆಕ್ಕ ಹಾಕಿ, ನಾನು ಅದನ್ನು ತಡೆದೆ. ಡಿಸ್ಪ್ಯಾಚ್ ನೋಡಿಕೊಳ್ಳುವವಳು ನಾನೇ. ಮ್ಯಾನೇಜರ್ ಕೂಡ ಒಳ್ಳೆ ಯೋಚನೆ ಅಂದರು.

ಫೆಬ್ರವರಿ 18ಕ್ಕೆ ಲಾರಿ ಹೊರಟಿತು. ಮುಂಬೈ ಹತ್ತಿರದ ನ್ಹಾವಾ ಶೇವಾದಿಂದ ಹಡಗು, ಅಲ್ಲಿಂದ ಮೊಜಾಂಬಿಕ್ ದೇಶದ ಬೈರಾ ಬಂದರು. ಮಲಾವಿಗೆ ಸಮುದ್ರವೇ ಇಲ್ಲ. ಬೈರಾದಲ್ಲೋ ಅದೇ ದೇಶದ ನಕಾಲಾದಲ್ಲೋ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲೋ ಇಳಿಸಿ, ಅಲ್ಲಿಂದ ನೆಲದ ದಾರಿಯಲ್ಲಿ ಗಡಿ ದಾಟಿಸಬೇಕು.

ಮಾರ್ಚ್ 14ರ ರಾತ್ರಿ ಇಡಾಯ್ ಚಂಡಮಾರುತ ಬೈರಾ ಊರಿಗೇ ಬಂದು ಬಡಿಯಿತು. ನಮ್ಮ ಹಡಗು ಇನ್ನೂ ದಾರಿಯಲ್ಲಿತ್ತು. ಕಂಟೇನರನ್ನು ಬೇರೆ ಬಂದರಿನಲ್ಲಿ ಇಳಿಸಿದರು. ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿನವರು ಕೊಡುವ ಸರಕಿನ ರಸೀದಿಯಲ್ಲಿ, ಬೈರಾ ಅಂತ ಇತ್ತು. ಅದನ್ನು ತಿದ್ದಿಸಬೇಕು, ಹೊಸ ಲಾರಿ ಹುಡುಕಬೇಕು, ಕಸ್ಟಮ್ಸ್‌ನವರಿಗೆ ಪತ್ರ ಬರೆಯಬೇಕು. ಮಾತ್ರೆ ಮಲಾವಿಯ ಉಗ್ರಾಣ ಸೇರಿದ್ದು ಮೇ ತಿಂಗಳ ನಡುವೆ.

ಜನವರಿಯಲ್ಲೇ ಕಳಿಸಿದ್ದರೆ ಫೆಬ್ರವರಿ ಕೊನೆಗೆ ಬೈರಾದಲ್ಲಿ ಇಳಿದು, ಮಾರ್ಚ್ ಮೊದಲ ವಾರದಲ್ಲಿ ಗಡಿ ದಾಟಿರುತ್ತಿತ್ತು. ಚಂಡಮಾರುತ ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ, ನಿಜ. ಆದರೂ ಆ ನಾಲ್ಕು ವಾರ ಮಾತ್ರೆಯನ್ನು ಗೋದಾಮಿನಲ್ಲಿ ಕೂರಿಸಿದವಳು ನಾನು. ಅದು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಅಲ್ಲಿ ಮಳೆಗಾಲ ನವೆಂಬರಿನಿಂದ ಏಪ್ರಿಲ್‌ವರೆಗೆ. ಮಲೇರಿಯಾ ಜಾಸ್ತಿ ಆಗುವುದೂ ಆಗಲೇ. ಇಡಾಯ್ ಬೈರಾಕ್ಕೆ ಬರುವ ಮೊದಲೇ, ಮಾರ್ಚ್ ಶುರುವಿನಲ್ಲಿ, ಅದೇ ಮಳೆ ಮಲಾವಿಯ ದಕ್ಷಿಣದ ನ್ಸಾಂಜೆ, ಚಿಕ್ವಾವಾ ಜಿಲ್ಲೆಗಳನ್ನು ಮುಳುಗಿಸಿತ್ತು. ಮನೆ ಬಿಟ್ಟವರು ಶಿಬಿರಗಳಲ್ಲಿದ್ದರು. ನಮ್ಮ ಮಾತ್ರೆ ಅಲ್ಲಿಗೆ ಬೇಕಾಗಿದ್ದ ಹೊತ್ತಿನಲ್ಲಿ ಸಮುದ್ರದ ಮೇಲಿತ್ತು.

ನಮ್ಮದು ಆರ್ಟಿಮೆಥರ್–ಲ್ಯೂಮೆಫ್ಯಾಂಟ್ರಿನ್ ಮಾತ್ರೆ. ದಿನಕ್ಕೆ ಎರಡು ಸಲ, ಮೂರು ದಿನ, ಒಟ್ಟು ಆರು ಡೋಸ್. ತೂಕದ ಮೇಲೆ ನಾಲ್ಕು ಥರದ ಪ್ಯಾಕ್: ಪುಟ್ಟ ಮಕ್ಕಳಿಗೆ 6 ಮಾತ್ರೆ, ಆಮೇಲೆ 12, 18, ದೊಡ್ಡವರಿಗೆ 24. ಮಾತ್ರೆ ಒಂದೇ, ಪಟ್ಟಿ ಬೇರೆ ಬೇರೆ. ಎಕ್ಸ್‌ಪೈರಿ 24 ತಿಂಗಳು. ನಮ್ಮ ಟೆಂಡರಿನಲ್ಲಿ ಒಂದು ಷರತ್ತು ಇತ್ತು: ದೇಶ ತಲುಪಿದಾಗ ಆಯಸ್ಸಿನ 75% ಉಳಿದಿರಬೇಕು. ಅಂದರೆ 18 ತಿಂಗಳು. ನಮ್ಮ ಬ್ಯಾಚ್ ತಯಾರಾದದ್ದು 2018ರ ಅಕ್ಟೋಬರ್. ಮೇ ತಿಂಗಳಲ್ಲಿ ತಲುಪಿದಾಗ ಉಳಿದದ್ದು ಹದಿನಾರೂವರೆ ತಿಂಗಳು. ಅವರು ವಾಪಸ್ ಕಳಿಸಬಹುದಿತ್ತು. ಕಳಿಸಲಿಲ್ಲ, ಯಾಕೆಂದರೆ ಅವರಿಗೆ ಬೇಕಾಗಿತ್ತು.

ಆಗ ಮಲಾವಿಯ ರಾಜಧಾನಿ ಲಿಲೊಂಗ್ವೆಯ ಉಗ್ರಾಣದ ಫಾರ್ಮಾಸಿಸ್ಟ್ ಜೊತೆ ಫೋನಿನಲ್ಲಿ ಮಾತಾಡಿದೆ. ಕ್ಷಮೆ ಕೇಳಿ ಒಂದು ಪತ್ರ ಕೊಡಬೇಕಿತ್ತು, ಅದಕ್ಕೆ. ಅವರು ಸಿಟ್ಟಾಗಲಿಲ್ಲ. ಲೆಕ್ಕ ಹೇಳಿದರು. ತಮ್ಮ ಉಗ್ರಾಣದಿಂದ ಉತ್ತರದ ಮ್ಜುಜು, ದಕ್ಷಿಣದ ಬ್ಲಾಂಟೈರ್ ಉಗ್ರಾಣಗಳಿಗೆ ಹೋಗಬೇಕು. ಅಲ್ಲಿಂದ ಜಿಲ್ಲೆಗಳ ಆರೋಗ್ಯ ಕೇಂದ್ರಗಳಿಗೆ. ಅಲ್ಲಿಂದ ಹಳ್ಳಿಯಲ್ಲಿ ಮಕ್ಕಳಿಗೆ ಜ್ವರ ನೋಡುವ ಆರೋಗ್ಯ ಕಾರ್ಯಕರ್ತೆಯ ಪೆಟ್ಟಿಗೆಗೆ. ಪ್ರತಿ ಮೆಟ್ಟಿಲಿನಲ್ಲೂ ಸ್ವಲ್ಪ ದಾಸ್ತಾನು ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮಳೆಯಲ್ಲಿ ರಸ್ತೆ ಹೋದಾಗ ಖಾಲಿ. ಹೀಗೆ ಕಳೆಯುತ್ತಾ ಹೋದರೆ ಆ ಪೆಟ್ಟಿಗೆಗೆ ಬಿದ್ದಾಗ ಮಾತ್ರೆಗೆ ಎಷ್ಟು ತಿಂಗಳು ಉಳಿದಿರುತ್ತೆ, ನೀವೇ ನೋಡಿ ಅಂದರು.

ನಾನು ಅಲ್ಲಿಯವರೆಗೆ ದಿನ ಎಣಿಸುತ್ತಿದ್ದದ್ದು ನಮ್ಮ ಗೇಟಿನಿಂದ. ಲಾರಿ ಯಾವತ್ತು ಹೊರಟಿತು, ಹಡಗು ಯಾವತ್ತು ಹತ್ತಿತು. ಬಂದರು ತಲುಪಿದರೆ ನನ್ನ ಕೆಲಸ ಮುಗಿಯಿತು. ಅವರು ಎಣಿಸುತ್ತಿದ್ದದ್ದು ಪೆಟ್ಟಿಗೆ ತೆರೆಯುವ ದಿನದಿಂದ ಹಿಂದಕ್ಕೆ.

ಈ ವಿಷಯವನ್ನು ಮಳವಳ್ಳಿ ತಾಲ್ಲೂಕಿನಲ್ಲಿರುವ ನನ್ನ ದೊಡ್ಡಮ್ಮನಿಗೆ ಹೇಳಿದೆ. ಅವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಾರ್ಮಾಸಿಸ್ಟ್ ಆಗಿದ್ದು ರಿಟೈರ್ ಆದವರು. ಇಂಡೆಂಟ್, ಅಂದರೆ ಬೇಕಾದ ಔಷಧಿಯ ಬೇಡಿಕೆ ಬರೆಯುವುದು, ಹಳೇ ಎಕ್ಸ್‌ಪೈರಿ ಮುಂದೆ ಜೋಡಿಸುವುದು, ಜಿಲ್ಲೆಯ ಔಷಧಿ ಉಗ್ರಾಣಕ್ಕೆ ಅಲೆಯುವುದು, ಎಲ್ಲ ಮಾಡಿದ ಕೈ. ಅವರು ಕೇಳಿದ್ದು ಬೇರೆಯೇ ಪ್ರಶ್ನೆ.

"ಅವ್ರು ಎಷ್ಟು ಬೇಕು ಅಂತ ಹೆಂಗೆ ಬರೀತಾರೆ ಮಗ?"

ಹಿಂದಿನ ತಿಂಗಳು ಎಷ್ಟು ಹಂಚಿದರೋ ಅದರ ಮೇಲೆ ಅಂದೆ.

"ಔಷಧಿ ಮುಗಿದ ದಿನ ರಿಜಿಸ್ಟರ್‌ನಲ್ಲಿ ಸೊನ್ನೆ ಬರೀತೀವಿ ಕಣ್ ಮಗ. ಆ ಸೊನ್ನೆ ನೋಡಿ ಮೇಲ್ನೋರು ಇಲ್ಲಿ ಯಾರ್ಗೂ ಬ್ಯಾಡ ಅನ್ಕತಾರೆ. ಜನ ಬಂದು ಬರಿಗೈಲಿ ಹೋದ್ದನ್ನ ಯಾರೂ ಬರ್ಯಾಕಿಲ್ಲ."

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಔಷಧಿ ಸರಬರಾಜಿನಲ್ಲಿ ಇಷ್ಟು ಸುಲಭವಾಗಿ ಆಗುವ ತಪ್ಪು ಬೇರೆ ಇಲ್ಲ ಅಂತ ನನಗನ್ನಿಸುತ್ತದೆ. ಒಂದು ಕೇಂದ್ರದಲ್ಲಿ ತಿಂಗಳಿಗೆ 15 ದಿನ ಮಾತ್ರ ಮಾತ್ರೆ ಇತ್ತು, 300 ಜನಕ್ಕೆ ಕೊಟ್ಟರು ಅಂದುಕೊಳ್ಳಿ. ಪುಸ್ತಕದಲ್ಲಿ ಕಾಣುವುದು 300. ಆದರೆ 30 ದಿನವೂ ಇದ್ದಿದ್ದರೆ 600 ಹೋಗುತ್ತಿತ್ತು. 300ರ ಮೇಲೆ ಮುಂದಿನ ಆರ್ಡರ್ ಹಾಕಿದರೆ ಮತ್ತೆ ತಿಂಗಳ ನಡುವೆ ಖಾಲಿ. ಹಾಗಾಗಿ ಹಂಚಿದ ಲೆಕ್ಕದ ಜೊತೆ, ಎಷ್ಟು ದಿನ ಖಾಲಿ ಇತ್ತು ಅನ್ನುವ ಲೆಕ್ಕವೂ ಬೇಕು. ಇನ್ನೊಂದು ತೊಡಕೂ ಇದೆ. ಮಕ್ಕಳ 6 ಮಾತ್ರೆಯ ಪ್ಯಾಕ್ ಮುಗಿದರೆ ಅಲ್ಲಿನವರು ಮಗುವನ್ನು ಸುಮ್ನೆ ವಾಪಸ್ ಕಳಿಸುವುದಿಲ್ಲ, 24ರ ಪಟ್ಟಿ ಕತ್ತರಿಸಿ ಕೊಡುತ್ತಾರೆ. ಮಾಡಬೇಕಾದ್ದೇ ಅದು. ಆದರೆ ಪುಸ್ತಕದಲ್ಲಿ ದೊಡ್ಡವರ ಪ್ಯಾಕ್ ಜಾಸ್ತಿ ಖರ್ಚಾದ ಹಾಗೆ ಕಾಣುತ್ತದೆ. ಮುಂದಿನ ಸಲ ನಮಗೆ ಬರುವ ಆರ್ಡರಿನಲ್ಲಿ 24ರ ಪ್ಯಾಕ್ ಜಾಸ್ತಿ, 6ರದ್ದು ಕಡಿಮೆ. ಈಗ ಆರ್ಡರಿನಲ್ಲಿ ನಾಲ್ಕು ಪ್ಯಾಕಿನ ಅನುಪಾತ ಇದ್ದಕ್ಕಿದ್ದಂತೆ ಬದಲಾದರೆ ನಾನು ಒಂದು ಮೇಲ್ ಹಾಕಿ ಕೇಳುತ್ತೇನೆ: ಮಧ್ಯೆ ಯಾವುದಾದರೂ ಖಾಲಿಯಾಗಿತ್ತಾ? ಎರಡು ಸಲ ಅವರು ಆರ್ಡರ್ ತಿದ್ದಿದ್ದಾರೆ.

ಅದೇ ವರ್ಷ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರು–ನಂಜನಗೂಡು ರಸ್ತೆ ಮುಳುಗಿತು. ನಮ್ಮ ಬಸ್ಸೂ ಇಲ್ಲ, ಲಾರಿಯೂ ಇಲ್ಲ. ಕಾರ್ಖಾನೆಯಲ್ಲಿ ಮಾಲು ರೆಡಿ ಇದೆ, ನಾನು ಮೈಸೂರಿನ ಮನೆಯಲ್ಲಿ ಕೂತಿದ್ದೇನೆ. ಇಪ್ಪತ್ತೈದು ಕಿಲೋಮೀಟರ್ ಕೂಡ ಇಲ್ಲ ಅಲ್ವಾ? ನಮಗೆ ಸುತ್ತಿ ಹೋಗಲು ಬೇರೆ ದಾರಿಗಳಿದ್ದವು, ನಾಲ್ಕು ದಿನದಲ್ಲಿ ನೀರೂ ಇಳಿಯಿತು. ಮಲಾವಿಯ ಶೀರೆ ನದಿಯ ದಡದ ಆರೋಗ್ಯ ಕೇಂದ್ರವೊಂದಕ್ಕೆ ಇರುವುದೇ ಒಂದು ಮಣ್ಣಿನ ರಸ್ತೆ ಅಂದರೆ ಏನು ಅಂತ ನನಗೆ ಅವತ್ತು ಅರ್ಥವಾಯಿತು.

ಆಮೇಲೆ ನನ್ನ ಟೇಬಲ್ ಹಿಂದಿನ ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿದೆ. ಅದನ್ನು ತುಂಬಿಸುವುದು ಕೊನೆಯಿಂದ. ಮೊದಲು ನವೆಂಬರ್ 1ರ ಚೌಕದಲ್ಲಿ "ಆರೋಗ್ಯ ಕೇಂದ್ರದಲ್ಲಿ ಇರಬೇಕು" ಅಂತ ಬರೆಯುತ್ತೇನೆ. ಅಲ್ಲಿಂದ ಹಿಂದಕ್ಕೆ ಉಗ್ರಾಣ, ಗಡಿ, ಬಂದರು, ಹಡಗು, ಸ್ಯಾಂಪಲ್ ಪರೀಕ್ಷೆ. ಕೊನೆಗೆ ಬರುವುದು ಬ್ಯಾಚ್ ಶುರುಮಾಡುವ ದಿನ. ಹೀಗೆ ಬರೆದಾಗ ಕಂಡ ಒಂದು ವಿಷಯ ನನ್ನ ಕೆಲಸವನ್ನೇ ಬದಲಿಸಿತು. ಮಾತ್ರೆಯ ಆಯಸ್ಸು ಪ್ಯಾಕ್ ಮಾಡಿದ ದಿನ ಶುರುವಾಗುವುದಿಲ್ಲ, ತಯಾರಿಸಿದ ದಿನ ಶುರುವಾಗುತ್ತದೆ. ನಾವು ಮೊದಲು ಮಾತ್ರೆ ಮಾಡಿಟ್ಟು, ಆಮೇಲೆ ಆಮದು ಪರವಾನಗಿ ಬರಲಿ, ರಟ್ಟಿನ ಡಬ್ಬಿಯ ಮೇಲಿನ ಬರಹಕ್ಕೆ ಒಪ್ಪಿಗೆ ಬರಲಿ, ಕೊಳ್ಳುವವರ ಲ್ಯಾಬ್‌ನವರು ಸ್ಯಾಂಪಲ್ ತೆಗೆಯಲಿ ಅಂತ ಕಾಯುತ್ತಿದ್ದೆವು. ಆ ಕಾಯುವಿಕೆ ಎಲ್ಲ ಮಾತ್ರೆಯ ಆಯಸ್ಸಿನಿಂದಲೇ ಹೋಗುತ್ತಿತ್ತು. ಈಗ ಪರವಾನಗಿ, ಬರಹದ ಒಪ್ಪಿಗೆ ಎರಡೂ ಕೈಗೆ ಬಂದು, ಲ್ಯಾಬ್‌ನವರ ದಿನಾಂಕ ಗೊತ್ತಾದ ಮೇಲೆಯೇ ಬ್ಯಾಚ್ ಹಾಕುತ್ತೇವೆ. ಪ್ರೊಡಕ್ಷನ್‌ನವರು ಒಪ್ಪಲು ಒಂದು ವರ್ಷ ಹಿಡಿಯಿತು. ಅವರಿಗೆ ಮೆಷಿನ್ ಖಾಲಿ ನಿಲ್ಲಬಾರದು, ಅದೂ ತಪ್ಪಲ್ಲ.

ಹಣದ ಬಗ್ಗೆ ಸ್ವಲ್ಪ ಹೇಳಬೇಕು. ಮಲಾವಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ಆದರೆ 2025ಕ್ಕೆ ಮೊದಲು ದೇಶದ ಆರೋಗ್ಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನ ನೆರವೇ ಇತ್ತು. ಮಲೇರಿಯಾ, ಎಚ್‌ಐವಿ ಔಷಧಿಗೆ ಹೆಚ್ಚಿನ ಹಣ ಗ್ಲೋಬಲ್ ಫಂಡ್ ಅನ್ನುವ ಅಂತರರಾಷ್ಟ್ರೀಯ ನಿಧಿ, ಅಮೆರಿಕ ಸರ್ಕಾರ ಇಂಥವರಿಂದ ಬರುತ್ತಿತ್ತು. ನ್ಯುಮೋನಿಯಾದ ಅಮಾಕ್ಸಿಸಿಲಿನ್, ಪ್ಯಾರಾಸಿಟಮಾಲ್, ಕೈಗವಸು ಇವನ್ನು ಹೆಚ್ಚಾಗಿ ಸರ್ಕಾರವೇ ಕೊಳ್ಳಬೇಕು. 2023ರ ನವೆಂಬರಿನಲ್ಲಿ ಅಲ್ಲಿನ ನಾಣ್ಯ ಕ್ವಾಚಾ ಡಾಲರಿಗೆ ಸುಮಾರು 1,180 ಇದ್ದದ್ದು ಒಂದೇ ಸಲ 1,700ಕ್ಕೆ ಹೋಯಿತು. ಬಜೆಟ್ಟಿನಲ್ಲಿ ಬರೆದ ಕ್ವಾಚಾ ಅಷ್ಟೇ, ಅದಕ್ಕೆ ಸಿಗುವ ಔಷಧಿ ಕಡಿಮೆ. ಹಾಗಾಗಿ ಒಂದೇ ಕೇಂದ್ರದ ಒಂದೇ ಬೀರುವಿನಲ್ಲಿ ಮಲೇರಿಯಾ ಮಾತ್ರೆ ತುಂಬಿದ್ದು, ಅಮಾಕ್ಸಿಸಿಲಿನ್ ಜಾಗ ಖಾಲಿ ಇರಬಹುದು. ಜ್ವರದ ಮಗು ಯಾವುದು ಬೇಕಾಗಿ ಬಂದಿದೆಯೋ ಯಾರಿಗೆ ಗೊತ್ತು. ನೆರವು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಿಲ್ಲದೆ ಆ ಬೀರು ಪೂರ್ತಿ ಖಾಲಿ. ಆದರೆ ಆರ್ಡರ್ ಹಾಕುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು, ಬಳಸುವವರು ಮತ್ತೊಬ್ಬರು ಆದಾಗ ಮಾತ್ರೆಯ ದಿನಗಳಿಗೆ ಯಾರೂ ದಿಕ್ಕಿಲ್ಲದ ಹಾಗೆ ಆಗುತ್ತದೆ.

ಇದು 2025ರಲ್ಲಿ ನಮ್ಮ ಮನೆ ಬಾಗಿಲಿಗೇ ಬಂತು. ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಒಂದು ಆರ್ಡರಿಗೂ "ಮುಂದಿನ ಸೂಚನೆವರೆಗೆ ಕಳಿಸಬೇಡಿ" ಅಂತ ಮೇಲ್ ಬಂತು. ಡಬ್ಬಿಗಳ ಮೇಲೆ ದೇಶದ ಹೆಸರು, "ಮಾರಾಟಕ್ಕಲ್ಲ" ಅನ್ನುವ ಸಾಲು ಅಚ್ಚಾಗಿತ್ತು. ಬೇರೆ ಯಾರಿಗೂ ಕೊಡುವ ಹಾಗಿಲ್ಲ. ಪ್ಯಾಲೆಟ್‌ಗಳು ಒಂಬತ್ತು ವಾರ ನನ್ನ ಕಣ್ಣೆದುರು ಕೂತವು. ದಿನಾ ಬೆಳಿಗ್ಗೆ ಅವುಗಳ ಮುಂದೆ ಹಾದು ಹೋಗುವಾಗ ಹೊಟ್ಟೆಯಲ್ಲಿ ಸಂಕಟ.

ಆ ಒಂಬತ್ತು ವಾರ ನಾನು ಪ್ರತಿ ಸೋಮವಾರ ಒಂದೇ ಥರದ ಮೇಲ್ ಹಾಕಿದೆ. ಹಣದ ವಿಷಯ ಅದರಲ್ಲಿ ಇರಲಿಲ್ಲ. ಇವತ್ತು ಹೊರಟರೆ ಆರೋಗ್ಯ ಕೇಂದ್ರ ತಲುಪಿದಾಗ ಇಷ್ಟು ತಿಂಗಳು ಉಳಿದಿರುತ್ತದೆ, ಮುಂದಿನ ಸೋಮವಾರ ಹೊರಟರೆ ಇಷ್ಟು. ಬರೀ ಎರಡು ಸಾಲು. ಲಿಲೊಂಗ್ವೆಯ ಫಾರ್ಮಾಸಿಸ್ಟ್ ಅದನ್ನು ತಮ್ಮ ಕಡೆಯ ಸಭೆಗಳಿಗೆ ತೆಗೆದುಕೊಂಡು ಹೋಗುತ್ತಿದ್ದರಂತೆ. ಹತ್ತನೇ ವಾರ ಕಳಿಸಿ ಅಂದರು. ನನ್ನ ಮೇಲ್‌ನಿಂದ ಆಯಿತು ಅಂತಲ್ಲ, ಎಷ್ಟೋ ಜನ ಎಷ್ಟೋ ಕಡೆ ಒದ್ದಾಡಿರುತ್ತಾರೆ. ಆದರೆ ಎಷ್ಟು ದಿನ ಉಳಿದಿದೆ ಅನ್ನುವುದು ಮೇಜಿನ ಮೇಲೆ ಇತ್ತು.

ಅದಾದ ಮೇಲೆ ಇನ್ನೊಂದು ಬದಲಾವಣೆ ಮಾಡಿಕೊಂಡೆವು. ದೇಶದ ಹೆಸರನ್ನು ಡಬ್ಬಿಯ ಮೇಲೆ ಮೊದಲೇ ಅಚ್ಚು ಮಾಡಿಸುವುದಿಲ್ಲ. ನಿಯಮ ಒಪ್ಪುವ ಕಡೆ ಕೊನೆಯಲ್ಲಿ ಲೇಬಲ್ ಹಾಕುತ್ತೇವೆ. ಒಂದು ಆರ್ಡರ್ ನಿಂತರೆ ಆ ಮಾತ್ರೆಯನ್ನು ಬೇಕಾದ ಇನ್ನೊಂದು ದೇಶಕ್ಕೆ ಕಳಿಸಬಹುದು.

ದೊಡ್ಡಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಯುಗಾದಿಗೆ ಊರಿಗೆ ಹೋದಾಗ ಬೇವು ಬೆಲ್ಲ ಕೊಡುತ್ತಲೇ "ನಿನ್ ಡಬ್ಬ ಊರು ಸೇರ್ತಾ?" ಅಂತ ಕೇಳುತ್ತಾರೆ. ಅವರಿಗೆ ಬಂದರಿನ ಕಥೆ ಬೇಡ, ಊರಿನದ್ದು ಬೇಕು.

ಮುಂದಿನ ಕಂಟೇನರ್ ಈ ಗುರುವಾರ ಹೊರಡಬೇಕು. ಮುಕ್ಕಾಲು ಮಾತ್ರ ತುಂಬಿದೆ. ಉಳಿದ ಕಾಲು ಭಾಗಕ್ಕೆ ಬೇಕಾದ ಬ್ಯಾಚ್ ಬರಲು ಇನ್ನೂ ಹನ್ನೆರಡು ದಿನ. ಮ್ಯಾನೇಜರ್ ಗೋಡೆಯ ಕ್ಯಾಲೆಂಡರ್ ಒಂದು ಸಲ ನೋಡಿ, ಇಷ್ಟಕ್ಕೇ ಕಳಿಸಮ್ಮ ಅಂದರು.