ಕಾಣದ ಬ್ಲ್ಯಾಕ್ ಹೋಲ್ ಸುತ್ತ ಏನಿದೆ ಅಂತ ಹೇಗೆ ಗೊತ್ತು?

"ಬ್ಲ್ಯಾಕ್ ಹೋಲ್ ಕಾಣಂಗೇ ಇಲ್ಲ ಅಂತಿ. ಮತ್ತ ಅದರ ಸುತ್ತ ಏನದ ಅಂತ ಹೆಂಗ ಗೊತ್ತಾಗ್ತದ? ಎಲ್ಲಾ ಅಂದಾಜಲ್ಲ?"

ಊರಿಗೆ ಬಂದಾಗಲೆಲ್ಲ ಇದೇ. ಪ್ರಶ್ನೆ ಚೆನ್ನಾಗಿದೆ. ಕೊನೆಯ "ಅಂದಾಜಲ್ಲ?" ಇದೆಯಲ್ಲ, ಅದಕ್ಕೆ ಮೈ ಉರಿಯುತ್ತದೆ.

ಕಲಬುರಗಿಯ ಒಂದು ಮದುವೆಯಲ್ಲಿ ಕಾಕಾ ಒಬ್ಬರು ಹೀಗೇ ಕೇಳಿದರು. ಎಲೆಗೆ ಶೇಂಗಾ ಹೋಳಿಗೆ ಬಿದ್ದಿತ್ತು, ಜಾಸ್ತಿ ಮಾತು ಬೇಡ ಅಂತ "ಎಕ್ಸ್-ರೇಯಿಂದ" ಅಂದೆ. "ಹಂಗಾರ ನಂದೊಂದು ಮೊಣಕಾಲ ಎಕ್ಸ್-ರೇ ಅದ, ನೋಡು ತಮ್ಮಾ. ಎಲುಬು ಸವದದ ಅಂತಾರ." ಕವರ್ ಕಾರಿನಲ್ಲೇ ಇತ್ತು! ಕಾಕಾ, ಅದು ಎಲುಬಿನ ನೆರಳು. ನಾವು ನೆರಳು ನೋಡಲ್ಲ, ಯಾವ ಶಕ್ತಿಯ ಎಕ್ಸ್-ರೇ ಎಷ್ಟು ಬಂತು ಅಂತ ಎಣಿಸುತ್ತೇವೆ.

ಗ್ಯಾಲಕ್ಸಿ ನಡುವಿನ ಭಾರೀ ಬ್ಲ್ಯಾಕ್ ಹೋಲ್‌ಗೆ ಬೀಳುವ ಅನಿಲ ತಟ್ಟೆಯ ಹಾಗೆ ಹರಡಿ, ಸುತ್ತುತ್ತ ಬಿಸಿಯಾಗುತ್ತದೆ. ತೀರಾ ಒಳಗಿಂದ ಬರುವ ಎಕ್ಸ್-ರೇ ಆ ಅನಿಲದಲ್ಲಿರುವ ಕಬ್ಬಿಣದ ಪರಮಾಣುವಿಗೆ ಬಡಿದು ಒಳಗಿನ ಎಲೆಕ್ಟ್ರಾನ್ ಒಂದನ್ನು ಕಿತ್ತು ಹಾಕುತ್ತದೆ. ಆ ಜಾಗಕ್ಕೆ ಮೇಲಿನದು ಇಳಿದಾಗ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ, ಅಂದರೆ 6400 ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಎಕ್ಸ್-ರೇ ಹೊರಡಬಹುದು. ಲ್ಯಾಬಿನಲ್ಲೂ 6.4, ಅಲ್ಲೂ 6.4. ಹಾಗಾಗಿ ಅದು ಇಲ್ಲಿಗೆ ಬಂದಾಗ ಎಷ್ಟು ಬದಲಾಗಿದೆ ಅಂತ ನೋಡಿದರೆ ಹುಟ್ಟಿದ ಜಾಗದ ಸುಳಿವು ಸಿಗುತ್ತದೆ. ಶಕ್ತಿವಾರು ಎಣಿಕೆಯ ನಕ್ಷೆ ಬರೆದರೆ ಈ ಎಕ್ಸ್-ರೇ ಎದ್ದು ಕಾಣುವ ಜಾಗಕ್ಕೆ "ಗೆರೆ" ಅಂತೀವಿ. ಬ್ಲ್ಯಾಕ್ ಹೋಲ್‌ನಿಂದ ದೂರದ, ನಿಧಾನದ ಅನಿಲದಿಂದ ಬಂದರೆ ಗೆರೆ ತೆಳ್ಳಗೆ. ಒಳಗೆ ಅನಿಲ ಓಡುವ ವೇಗಕ್ಕೆ ಗೆರೆ ಅಗಲವಾಗುತ್ತದೆ, ಗುರುತ್ವ ಬೇರೆ ಅದನ್ನು ಕಡಿಮೆ ಶಕ್ತಿಯ ಕಡೆ ಬಾಲದ ಹಾಗೆ ಎಳೆಯುತ್ತದೆ. ಜಪಾನಿನ ಆಸ್ಕಾ ಉಪಗ್ರಹ ನೋಡಿದ ಎಂಸಿಜಿ-6-30-15 ಗ್ಯಾಲಕ್ಸಿಯಲ್ಲಿ ಅಂಥ ಬಾಲ ಇದೆ ಅಂತ 1995ರಲ್ಲಿ ಪ್ರಕಟವಾಯಿತು. ಇದನ್ನು ಅಳತೆ ಅನ್ನಿ, ಅಂದಾಜು ಅನ್ನಬೇಡಿ.

ಚುಚ್ಚಲೇಬೇಕು ಅಂತಿದ್ದರೆ ಹೀಗೆ ಚುಚ್ಚಿ: "ಆ ಬಾಲಕ್ಕೆ ಬೇರೆ ಕಾರಣ ಇರಬಾರದಾ?" ಇದನ್ನು ಯಾರೂ ಕೇಳಲ್ಲ! ಇರಬಹುದು ರೀ. ಅಡ್ಡ ಬಂದ ಅನಿಲದ ಮೋಡಗಳು ಒಂದಷ್ಟು ಎಕ್ಸ್-ರೇ ನುಂಗಿದರೂ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ ಅಂತ ವಾದಿಸುವವರಿದ್ದಾರೆ, ಆ ಜಗಳ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ತೆಳ್ಳನೆಯ ಗೆರೆಯೂ ಅಷ್ಟು ಸರಳ ಇರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹಾರಿದ ಎಕ್ಸ್‌ರಿಸಂ ಅನ್ನೋ ಎಕ್ಸ್-ರೇ ಉಪಗ್ರಹ ಸುಮಾರು 5 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಸಣ್ಣ ವ್ಯತ್ಯಾಸ ಹಿಡಿಯುತ್ತದೆ. ಎನ್‌ಜಿಸಿ 4151 ಗ್ಯಾಲಕ್ಸಿಯ ಆ ಗೆರೆಯನ್ನು ಅದು ಬಿಡಿಸಿ ನೋಡಿದಾಗ ತಟ್ಟೆ, ಅದರಾಚೆಯ ವೇಗದ ಮೋಡಗಳು, ಹೊರಗಿನ ಧೂಳಿನ ಉಂಗುರ, ಮೂರರ ಪಾಲೂ ಅದರೊಳಗೆ ಸಿಕ್ಕಿತು.