ರೇಟು ಆಮೇಲೆ, ಮೊದಲು ಹೊಲದ ಸುದ್ದಿ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ (ಕೃಷಿ ಮಾರುಕಟ್ಟೆ)ಯಲ್ಲಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೋಲಾರದ ಬಾಕ್ಸ್ ಅಂದರೆ 15 ಕೆಜಿ, ಹಾಗಾಗಿ ಕೆಜಿಗೆ 133 ರೂಪಾಯಿ ಬಿತ್ತು. ಅದೇ 2,000 ಕ್ವಿಂಟಲ್ ದರವಾಗಿದ್ದರೆ ಕೆಜಿಗೆ ಬರೀ 20. ಅಂಕಿ ಒಂದೇ, ಅಳತೆ ಬೇರೆ. ಒಂದು ಲೆಕ್ಕದಲ್ಲಿ ಮನೆಯವರು ಹುಣಸೆಹಣ್ಣಿನ ಡಬ್ಬ ಹುಡುಕಬೇಕು, ಇನ್ನೊಂದರಲ್ಲಿ ರೈತ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ ಅಂತ ಹಣ್ಣನ್ನು ಹೊಲದಲ್ಲೇ ಬಿಡಬೇಕು. ವಾಟ್ಸಾಪ್‌ನಲ್ಲಿ 'ಟೊಮೆಟೊ 2000' ಅಂತ ಬರುವ ಸುದ್ದಿಗೆ ಅಳತೆಯೂ ಇರುವುದಿಲ್ಲ, ತಾರೀಕೂ ಇರುವುದಿಲ್ಲ.

ಊರಲ್ಲಿರುವವರು ಪೇಟೆಯ ನೆಂಟರಿಗೆ ಬೆಳೆ ಸುದ್ದಿ ಹೇಳುವುದು ಹೊಸದೇನಲ್ಲ. ಈಗ ವಾಟ್ಸಾಪ್‌ಗೆ ಬಂದ ಆ ಮಾತೆಲ್ಲ ರೇಟಿನ ಸುತ್ತಲೇ ತಿರುಗುತ್ತದೆ ಅನ್ನುವುದು ನನ್ನ ತಕರಾರು. ರೇಟು ಫೋನಿನಲ್ಲಿ ಯಾರಿಗಾದರೂ ಸಿಗುತ್ತದೆ. ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಎಪಿಎಂಸಿವಾರು ಆವಕ (ಬಂದ ಮಾಲು) ಎಷ್ಟು, ಕನಿಷ್ಠ, ಗರಿಷ್ಠ, ಮಾದರಿ ಬೆಲೆ (ಹೆಚ್ಚಿನ ಮಾಲು ಮಾರಾಟವಾದ ಬೆಲೆ) ಎಷ್ಟು ಅಂತ ಹಾಕುತ್ತಾರೆ. ನೋಡಬೇಕಾದದ್ದು ಆವಕ ಮತ್ತು ಮಾದರಿ ಬೆಲೆ. ಗರಿಷ್ಠ ಬೆಲೆ ಒಂದೆರಡು ಒಳ್ಳೆ ಲಾಟಿಗೆ ಸಿಕ್ಕಿದ್ದು, ಟಿವಿಯವರು ಓದುವುದು ಅದನ್ನೇ. ಹೊಲದಲ್ಲಿ ನಿಂತಿರುವ ಬೆಳೆ ಯಾವ ಹಂತದಲ್ಲಿದೆ ಅನ್ನುವುದು ಮಾತ್ರ ಯಾವ ವೆಬ್‌ಸೈಟಿನಲ್ಲೂ ಇಲ್ಲ. ಅದು ಗೊತ್ತಿರುವುದು ಬದುವಿನ ಮೇಲೆ ನಿಂತವರಿಗೆ.

ತೊಗರಿಯಿಂದಲೇ ನೋಡೋಣ, ಅದು ತುಂಬಾ ಮುಂಚೆಯೇ ಸೂಚನೆ ಕೊಡುವ ಬೆಳೆ. ಕಲಬುರಗಿ ಕಡೆ ಜೂನ್-ಜುಲೈಗೆ ಬಿತ್ತನೆ, ಅಕ್ಟೋಬರ್-ನವೆಂಬರಿಗೆ ಹೂವು, ಡಿಸೆಂಬರ್-ಜನವರಿಗೆ ರಾಶಿ. 2022ರ ಹಂಗಾಮಿನಲ್ಲಿ ಅಲ್ಲಿ ನಿಂತ ಗಿಡವೇ ಒಣಗುವ ನೆಟೆ ರೋಗ ದೊಡ್ಡ ಪ್ರಮಾಣದಲ್ಲಿ ಬಡಿಯಿತು, ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಮುಂದೆ ಬೇಳೆ ದರ ಏರಿ, ಕೇಂದ್ರ ಸರ್ಕಾರ ತೊಗರಿಗೂ ಉದ್ದಿಗೂ ದಾಸ್ತಾನು ಮಿತಿ ಹಾಕಿದ್ದು 2023ರ ಜೂನ್ 2ರಂದು. ಗಿಡ ಒಣಗಿದ್ದು ಕಂಡ ದಿನಕ್ಕೂ ಅಂಗಡಿಯಲ್ಲಿ ಬೇಳೆ ಕೈ ಸುಟ್ಟ ದಿನಕ್ಕೂ ನಡುವೆ ಅರ್ಧ ವರ್ಷ ಇತ್ತು. ಜನವರಿಯಲ್ಲಿ ಹೊಸ ಬೇಳೆ ಬಂದಾಗ ಮೂರು ತಿಂಗಳಿನದು ಕೊಂಡಿಟ್ಟುಕೊಳ್ಳಲು ಅಷ್ಟು ಸಮಯ ಧಾರಾಳವಾಯಿತು.

ಹೊಲಕ್ಕೆ ಹೋಗುವ ದಿನಗಳೂ ಹಬ್ಬದಲ್ಲೇ ಇವೆ. ಸೀಗೆ ಹುಣ್ಣಿಮೆಗೆ ಚರಗ ಚೆಲ್ಲಲು (ಹೊಲಕ್ಕೆ ಎಡೆ ಅಡುಗೆ ಎರಚಲು) ಹೋದಾಗ ತೊಗರಿ ಮೊಗ್ಗಿನಲ್ಲಿರುತ್ತದೆ, ಎಳ್ಳ ಅಮಾವಾಸ್ಯೆಗೆ ಕಾಯಿ ತುಂಬಿರುತ್ತದೆ. ಎರಡೂ ದಿನ ಮನೆಮಂದಿಯೆಲ್ಲ ಹೊಲದಲ್ಲೇ ಇರುತ್ತಾರೆ, ಗಿಡ ಎಣಿಸಲು ಹತ್ತು ನಿಮಿಷ ಸಾಕು. ರಸ್ತೆಬದಿಯ ಸಾಲು ನೋಡಿ ತೀರ್ಮಾನ ಮಾಡಬೇಡಿ, ಅಂಚಿನ ಗಿಡ ಬಿಸಿಲು-ಗಾಳಿ ಹೆಚ್ಚು ಕಂಡು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಇಪ್ಪತ್ತು-ಮೂವತ್ತು ಹೆಜ್ಜೆ ಒಳಗೆ ಹೋಗಿ, ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ಎಣಿಸಿ. ನೂರರಲ್ಲಿ ಎಷ್ಟು ಬಾಡಿವೆ? ಬಾಡಿದ್ದೆಲ್ಲ ನೆಟೆ ರೋಗವಲ್ಲ, ತೇವ ಸಾಲದೆಯೂ ಬಾಡುತ್ತದೆ. ಬುಡದ ಹತ್ತಿರ ತೊಗಟೆ ಸುಲಿದು ನೋಡಿ. ಒಳಗಿನ ಕಟ್ಟಿಗೆ ಮೇಲೆ ಕಂದು-ಕಪ್ಪು ಗೆರೆ ಉದ್ದಕ್ಕೆ ಎದ್ದಿದ್ದರೆ ನೆಟೆ. ಕಟ್ಟಿಗೆ ಬೆಳ್ಳಗಿದ್ದರೆ ಇನ್ನೊಂದು ಮಳೆಗೆ ಚೇತರಿಸಿಕೊಳ್ಳಬಹುದು.

ಹೂ ಉದುರಿತು ಅನ್ನುವ ಕೂಗಿಗೆ ಮಾತ್ರ ತಕ್ಷಣ ಹೆದರಬಾರದು. ತೊಗರಿ ಬಿಟ್ಟ ಹೂವಿನಲ್ಲಿ ಬಹುಪಾಲನ್ನು ತಾನಾಗಿಯೇ ಉದುರಿಸುತ್ತದೆ, ಭೂಮಿಯಲ್ಲಿ ತೇವ ಇದ್ದರೆ ಮತ್ತೆ ಹೂ ಬಿಡುತ್ತದೆ. ಮೋಡ ಮುಚ್ಚಿ, ಬೆಳಿಗ್ಗೆ ಮಂಜು ಹಿಡಿದು ವಾರಗಟ್ಟಲೆ ಹಾಗೇ ಉಳಿದರೆ ಅದು ಸುದ್ದಿ. ಕಾಯಿಕೊರಕ ಇದೆಯಾ ಅಂತ ತಿಳಿಯಲು ಗಿಡದ ಕೆಳಗೆ ಬಟ್ಟೆ ಹಾಸಿ ಜೋರಾಗಿ ಅಲ್ಲಾಡಿಸಿ, ಹಸಿರು ಹುಳು ಉದುರುತ್ತವೆ. ಆ ಕಡೆಯ ರೈತರು ಹುಳು ಕಳೆಯಲು ಮಾಡುವುದೂ ಇದನ್ನೇ.

ಇಷ್ಟನ್ನು ಬರೆಯಲು ನಾಲ್ಕು ಸಾಲು ಸಾಕು. ಕಲಬುರಗಿ ಜಿಲ್ಲೆಯ ಆಳಂದದ ಕಡೆಯಿಂದ ಬರುವ ಒಂದು ಒಳ್ಳೆ ಸುದ್ದಿ ಹೀಗಿರಬಹುದು: 'ಸೀಗಿ ಹುಣ್ಣಿಮಿ ದಿನ ನೋಡಿದ್ದು. ಎರಿ ಹೊಲ, ಒಣ ಬೇಸಾಯ. ತೊಗರಿ ಎದಿಮಟ್ಟ, ಮೊಗ್ಗಿ ಆಗ್ಯಾದ. ನೂರು ಗಿಡದಾಗ ಎಂಟು ಒಣಗ್ಯಾವ, ಎಲ್ಲಾ ನೀರು ನಿಂತ ತಗ್ಗಿನಾಗ.' ದಿನ, ಮಣ್ಣು (ಎರಿ ಅಂದರೆ ಕಪ್ಪು ಮಣ್ಣು), ಹಂತ, ಹಾನಿಯ ಪಾಲು, ಕಾರಣ ಎಲ್ಲ ಬಂತು. 'ಈ ಸಲ ತೊಗರಿ ಎಲ್ಲಾ ಹೋತು, ರೇಟ್ ಇನ್ನೂರು ಆಗ್ತದ' ಅನ್ನುವುದರಲ್ಲಿ ಏನೂ ಬರಲಿಲ್ಲ. ರೇಟು ಎಷ್ಟಾದೀತು ಅಂತ ಊಹಿಸಿ ಹಾಕಲೇಬಾರದು. ಒಂದು ಜಿಲ್ಲೆಯ ಬೆಳೆಯೊಂದೇ ದರ ಕಟ್ಟುವುದಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದಲೂ ತೊಗರಿ ಹಡಗಿನಲ್ಲಿ ಬರುತ್ತದೆ.

ಕ್ವಿಂಟಲ್ ದರದಿಂದ ಬೇಳೆ ದರಕ್ಕೆ ಬರುವ ಲೆಕ್ಕದಲ್ಲೂ ಜನ ಎಡವುತ್ತಾರೆ. ಕಾಳು ತೊಗರಿ ಕ್ವಿಂಟಲಿಗೆ 8,000 ಅಂದರೆ ಕೆಜಿಗೆ 80. ನೂರು ಕೆಜಿ ಕಾಳು ಮಿಲ್ಲಿಗೆ ಹೋದರೆ ಕೈಗೆ ಸಿಗುವ ಬೇಳೆ 70ರಿಂದ 75 ಕೆಜಿ, ಉಳಿದದ್ದು ಹೊಟ್ಟು, ಚುನ್ನಿ, ಪುಡಿ. 70 ಅಂತ ಹಿಡಿದರೆ ಬೇಳೆಯ ಅಸಲು ಕೆಜಿಗೆ 114 ಆಯಿತು. ಚುನ್ನಿ ದನದ ಮೇವಿಗೆ ಮಾರಿ ಸ್ವಲ್ಪ ವಾಪಸ್ಸು ಬರುತ್ತದೆ, ಮಿಲ್ಲಿನ ಖರ್ಚು, ಚೀಲ, ಲಾರಿ ಬಾಡಿಗೆ, ಅಂಗಡಿಯ ಲಾಭ ಅದರ ಮೇಲೆ ಕೂರುತ್ತದೆ. '80ಕ್ಕೆ ಕೊಂಡು 140ಕ್ಕೆ ಮಾರ್ತಾರೆ' ಅನ್ನುವ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಟ್ಟಿನದು.

ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡೂವರೆ ಕೆಜಿ ಬೇಳೆ ಅಂತಿಟ್ಟರೆ ಮೂರು ತಿಂಗಳಿಗೆ ಏಳೂವರೆ ಕೆಜಿ. ನಾಲ್ಕು ಮನೆಯವರು ಸೇರಿ 30 ಕೆಜಿ ಚೀಲ ಒಡೆದು ಹಂಚಿಕೊಳ್ಳಬಹುದು. ವರ್ಷದ್ದನ್ನೆಲ್ಲ ಒಂದೇ ಸಲ ತುಂಬಬೇಡಿ, ಹಳೆಯದಾದಷ್ಟೂ ಬೇಯಲು ಸತಾಯಿಸುತ್ತದೆ, ಗ್ಯಾಸ್ ಖರ್ಚು ಅಲ್ಲಿ ಹೋಗುತ್ತದೆ. ತಂದ ಬೇಳೆಯನ್ನು ಎರಡು ದಿನ ಬಿಸಿಲಿಗೆ ಹರಡಿ. ಸಂಜೆ ಬಿಸಿ ಬಿಸಿಯಾಗಿಯೇ ಡಬ್ಬಕ್ಕೆ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಬಿಸಿ ಬೇಳೆ ಮುಚ್ಚಳದ ಒಳಗೆ ಬೆವರುತ್ತದೆ, ಆ ನೀರಿಗೆ ಬೂಸ್ಟು ಹಿಡಿದು ವಾಸನೆ ಬರುತ್ತದೆ. ರಾತ್ರಿ ಬಟ್ಟೆ ಮುಚ್ಚಿ ಆರಲು ಬಿಟ್ಟು ಬೆಳಿಗ್ಗೆ ತುಂಬಿ. ಒಡೆಯದ ಕಾಳು ಇಡುವುದಾದರೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿ. ಹುಳು ಮೊಟ್ಟೆ ಇಡುವುದು ಕಾಳಿನ ಸಿಪ್ಪೆಯ ಮೇಲೆ, ಎಣ್ಣೆಯ ಪದರ ಇದ್ದರೆ ಅದು ಕೂರುವುದಿಲ್ಲ. ತಿಂಗಳಿಗೊಮ್ಮೆ ತಳದಿಂದ ಒಂದು ಹಿಡಿ ತೆಗೆದು ನೋಡಿ. ಕಾಳುಗಳು ಬಲೆಯಲ್ಲಿ ಸಿಕ್ಕಂತೆ ಅಂಟಿಕೊಂಡಿದ್ದರೆ ಅವತ್ತೇ ಬಿಸಿಲಿಗೆ ಹಾಕಿ ಜರಡಿ ಹಿಡಿಯಬೇಕು.

ಈರುಳ್ಳಿಯ ಕಥೆ ಬೇರೆ. ಇಲ್ಲಿ ಎರಡು ಈರುಳ್ಳಿ ಇವೆ ಅನ್ನುವುದನ್ನೇ ಬೆಳೆ ಸುದ್ದಿ ಹಂಚುವವರು ಮರೆಯುತ್ತಾರೆ. ಚಿತ್ರದುರ್ಗ, ಗದಗ, ಧಾರವಾಡ, ಬಾಗಲಕೋಟೆಯ ಮುಂಗಾರು ಈರುಳ್ಳಿ ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಬರುತ್ತದೆ. ನೀರಿನಂಶ ಹೆಚ್ಚು, ಸಿಪ್ಪೆ ತೆಳು, ಇಟ್ಟರೆ ಉಳಿಯುವುದಿಲ್ಲ. ನಾಸಿಕ್ ಕಡೆಯ ಹಿಂಗಾರು ಈರುಳ್ಳಿ ಏಪ್ರಿಲ್-ಮೇಗೆ ಕಿತ್ತು ಗೋದಾಮಿನಲ್ಲಿಟ್ಟದ್ದು, ಅದು ಅಕ್ಟೋಬರ್‌ವರೆಗೆ ಎಳೆಯುತ್ತದೆ. ಆ ದಾಸ್ತಾನು ತೀರುವ ಹೊತ್ತಿಗೆ ನಮ್ಮದು ಬರಬೇಕು. ಕಿತ್ತ ಮೇಲೆ ಮೂರರಿಂದ ಐದು ದಿನ ಹೊಲದಲ್ಲೇ ಒಣಗಬೇಕು, ಆ ದಿನಗಳಲ್ಲೇ ಹಸ್ತ-ಚಿತ್ತಾ ಮಳೆ ಹೊಡೆದರೆ ಗಡ್ಡೆ ಕೊಳೆಯುತ್ತದೆ. 2019ರಲ್ಲಿ ಹೀಗೇ ಎರಡೂ ಕಡೆ ಕೈಕೊಟ್ಟಿತು. ಸೆಪ್ಟೆಂಬರ್ 29ಕ್ಕೆ ರಫ್ತು ನಿಷೇಧವಾದರೂ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕೆಜಿ 200 ರೂಪಾಯಿ ಮುಟ್ಟಿತು.

ಆದ್ದರಿಂದ ಚಳ್ಳಕೆರೆಯಲ್ಲೋ ಹೊಸದುರ್ಗದಲ್ಲೋ ಇರುವವರು ಅಕ್ಟೋಬರಿನಲ್ಲಿ ಹೇಳಬೇಕಾದದ್ದು 'ಮಳೆ ಬಂತು' ಅಂತ ಅಲ್ಲ. ಕಿತ್ತಿದ್ದು ಎಷ್ಟು, ಇನ್ನೂ ಮಣ್ಣಿನಲ್ಲಿರುವುದು ಎಷ್ಟು, ಕಿತ್ತಿದ್ದು ಒಣಗಿತೋ ನೆನೆಯಿತೋ ಅನ್ನುವುದನ್ನು ಹೇಳಬೇಕು. ನಿಂತ ಬೆಳೆಗೆ ಹದ ಮಳೆ ಒಳ್ಳೆಯದೇ ಮಾಡಬಹುದು, ಅದೇ ಮಳೆ ಪಕ್ಕದ ಹೊಲದ ಕಿತ್ತ ರಾಶಿಯನ್ನು ಕೊಳೆಸುತ್ತದೆ.

ಮನೆಯಲ್ಲಿ ಈರುಳ್ಳಿ ಕೂಡಿಡುವ ಉತ್ಸಾಹಕ್ಕೆ ಒಂದು ಲೆಕ್ಕ. 20 ರೂಪಾಯಿಗೆ ಕೊಂಡದ್ದರಲ್ಲಿ ಕಾಲು ಭಾಗ ಮೊಳೆತು, ಕೊಳೆತು, ಒಣಗಿ ಹೋದರೆ ನಿಮಗೆ ಬಿದ್ದದ್ದು 27 ರೂಪಾಯಿ. ಮಾಮೂಲಿ ಗೋದಾಮಿನಲ್ಲೇ ನಾಲ್ಕಾರು ತಿಂಗಳಿಗೆ ಮೂರನೇ ಒಂದು ಪಾಲು ಹಾಳಾಗುವ ವಸ್ತು ಇದು. ಮೇ ತಿಂಗಳ ಗಟ್ಟಿ ಈರುಳ್ಳಿ ಹತ್ತು ಕೆಜಿ, ಎರಡು ತಿಂಗಳಿಗೆ, ಅಷ್ಟು ಸಾಕು. ಆರಿಸುವಾಗ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಕುಸಿದರೆ ಒಳಗೆ ಕೊಳೆ ಶುರುವಾಗಿದೆ, ಒಣಗಿ ತಿರುಚಿಕೊಂಡು ಗಟ್ಟಿಯಾಗಿದ್ದರೆ ನಿಲ್ಲುತ್ತದೆ. ಬಲೆ ಚೀಲದಲ್ಲಿ ಗಾಳಿಗೆ ತೂಗಿಬಿಡಿ, ಆಲೂಗಡ್ಡೆಯ ಜೊತೆ ಇಡಬೇಡಿ. ಆಲೂಗಡ್ಡೆ ಬಿಡುವ ತೇವಕ್ಕೆ ಈರುಳ್ಳಿ ಬೇಗ ಕೆಡುತ್ತದೆ.

ಟೊಮೆಟೊಗೆ ಹಿಂತಿರುಗಿದರೆ, ಅದನ್ನು ಕೂಡಿಡಲು ಬರುವುದಿಲ್ಲ. ಆದರೆ ಸುಳಿವು ಎರಡು ತಿಂಗಳು ಮೊದಲೇ ಸಿಗುತ್ತದೆ, ಸಿಗುವುದು ನರ್ಸರಿಯಲ್ಲಿ. ನಾಟಿಗೆ ಬರುವ ಸಸಿ 25-30 ದಿನದ್ದು, ನಾಟಿ ಮಾಡಿ 60-70 ದಿನಕ್ಕೆ ಮೊದಲ ಕೊಯ್ಲು. ಬಾಕ್ಸ್ ದರ ನೆಲ ಕಚ್ಚಿದ ತಿಂಗಳಲ್ಲಿ ರೈತರು ಸಸಿ ಒಯ್ಯುವುದಿಲ್ಲ, ಟ್ರೇಗಳು ನರ್ಸರಿಯಲ್ಲೇ ಉದ್ದ ಬೆಳೆದು ಕೂರುತ್ತವೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಓಡಾಡುವವರು ಅದನ್ನು ಕಂಡರೆ ಬರೆದು ಹಾಕಿ. ಎಲೆ ಮುದುಡು ರೋಗ ತೋಟಗಳಲ್ಲಿ ಎಷ್ಟು ಹರಡಿದೆ ಅನ್ನುವುದನ್ನೂ ಸೇರಿಸಿ. ಪೇಟೆಯವರು ಹಣ್ಣು ಅಗ್ಗ ಇರುವಾಗಲೇ ಬೇಯಿಸಿ, ಸೋಸಿ, ಗಟ್ಟಿಯಾಗುವ ತನಕ ಕುದಿಸಿ ಫ್ರೀಜರಿನಲ್ಲಿ ಸಣ್ಣ ಸಣ್ಣ ಡಬ್ಬಗಳಲ್ಲಿಡಬಹುದು. ದೊಡ್ಡ ಡಬ್ಬ ಬೇಡ, ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಿದರೆ ನೀರು ಬಿಡುತ್ತದೆ.

ಹುಣಸೆ ಬಗ್ಗೆ ಎರಡೇ ಮಾತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಸ ಹಣ್ಣು ತುಮಕೂರು ಮಾರುಕಟ್ಟೆಗೆ ಬರುತ್ತದೆ, ವರ್ಷದ್ದನ್ನು ಆಗಲೇ ಕೊಳ್ಳಬೇಕು. ಬೀಜ-ನಾರು ತೆಗೆದು ಒಣಗಿಸಿ, ಕೆಜಿಗೆ 50ರಿಂದ 100 ಗ್ರಾಂ ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ಅದುಮಿ ಇಡಿ, ಲೋಹದ ಡಬ್ಬಕ್ಕೆ ಹುಳಿ ಹತ್ತುತ್ತದೆ.

ಮೆಣಸಿನಕಾಯಿಗೆ ಬ್ಯಾಡಗಿ ಮಾರುಕಟ್ಟೆಯ ಕಡೆ ಕಣ್ಣಿಡಬೇಕು. ಸೋಮವಾರ ಮತ್ತು ಗುರುವಾರ ಟೆಂಡರ್, ಆವಕ ಏರುವುದು ಫೆಬ್ರವರಿ-ಮಾರ್ಚಿಗೆ. ಅಲ್ಲಿಂದ ಸುದ್ದಿ ಹಾಕುವವರು ತೆಳ್ಳಗಿನ ಕಡ್ಡಿಯೋ ದಪ್ಪನೆಯ ಡಬ್ಬಿಯೋ (ಎರಡೂ ಬ್ಯಾಡಗಿಯ ಬಗೆಗಳು), ಹೊಸ ಮಾಲೋ ಹಿಂದಿನ ವರ್ಷದ ಶೈತ್ಯಾಗಾರದ ಮಾಲೋ ಅಂತ ಬರೆಯದಿದ್ದರೆ ದರಕ್ಕೆ ಅರ್ಥವೇ ಇಲ್ಲ. ನಾಲ್ಕು ಜನರ ಮನೆಯ ವರ್ಷದ ಸಾರಿನ ಪುಡಿಗೆ ಎರಡು ಕೆಜಿ ಬ್ಯಾಡಗಿ, ಖಾರಕ್ಕೆ ಅರ್ಧ ಕೆಜಿ ಗುಂಟೂರು ಸಾಕಾದೀತು. ಕೊಳ್ಳುವಾಗ ಒಂದು ಕಾಯಿಯನ್ನು ತೊಟ್ಟು ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ. ಒಣಗಿದ ಕಾಯಿಯಲ್ಲಿ ಬೀಜ ಗಿಲಕಿಯಂತೆ ಸದ್ದು ಮಾಡುತ್ತದೆ. ಸದ್ದಿಲ್ಲದೆ ತೊಗಲಿನಂತೆ ಬಾಗಿದರೆ ತೂಕಕ್ಕೆ ನೀರು ಚಿಮುಕಿಸಿದ್ದಿರಬೇಕು, ಅಂಥದ್ದು ಒಂದು ದಿನದ ಬಿಸಿಲಿಗೆ ಕೆಜಿಗೆ 50-100 ಗ್ರಾಂ ಇಳಿದುಬಿಡುತ್ತದೆ. ಒಂದನ್ನು ಸೀಳಿಯೂ ನೋಡಿ. ಒಳಗೆ ಬೂದು ಬೂಸ್ಟು ಕಂಡರೆ ಆ ಚೀಲ ಎಷ್ಟೇ ಅಗ್ಗವಾಗಿದ್ದರೂ ಬೇಡ, ಬೂಸ್ಟಿನ ವಿಷ ಹುರಿದರೂ ಹೋಗುವುದಿಲ್ಲ.