ಹನ್ನೊಂದು ಗಂಟೆಗೆ ಹೊರಗೋಡುವ ಹುಡುಗಿ

ಬೆಂಗಳೂರಿನ ಸರ್ಜಾಪುರ ರಸ್ತೆಯಿಂದ ತುಸು ಒಳಗೆ, ಏಳುತ್ತಿರುವ ಅಪಾರ್ಟ್‌ಮೆಂಟಿನ ಬೆನ್ನಿಗೆ ತಗಡಿನ ಶೆಡ್ಡುಗಳ ಸಾಲು. ಅದರ ತುದಿಯಲ್ಲಿ ನಮ್ಮ ಕಲಿಕಾ ಕೇಂದ್ರ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರ ಮಕ್ಕಳು ಅಲ್ಲಿ ಕೂರುತ್ತಾರೆ. ನಾನು ಅಲ್ಲಿ ಆಪ್ತಸಮಾಲೋಚಕಿ. ಪ್ರತ್ಯೇಕ ಕೋಣೆ, ಎದುರುಬದುರು ಕುರ್ಚಿ ಎಂದೆಲ್ಲ ತರಬೇತಿಯಲ್ಲಿ ಕೇಳಿ ಬಂದವಳಿಗೆ ಸಿಕ್ಕಿದ್ದು ನೀರಿನ ಡ್ರಮ್ಮಿನ ಪಕ್ಕದ ಚಾಪೆ. ಕಾಂಕ್ರೀಟ್ ಮಿಕ್ಸರಿನ ಸದ್ದಿಗೆ ಗುಟ್ಟನ್ನೂ ಕೂಗಿಯೇ ಹೇಳಬೇಕು. ಒಂದು ಅನುಕೂಲವೂ ಉಂಟು, ಪಕ್ಕದವರಿಗೆ ಏನೂ ಕೇಳಿಸುವುದಿಲ್ಲ.

ಹತ್ತು ವರ್ಷದ ಆ ಹುಡುಗಿಯ ಬಗ್ಗೆ ಟೀಚರ್ ದೂರು ಹೇಳಿದ್ದರು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬರುತ್ತಾಳೆ, ಚೆನ್ನಾಗಿಯೇ ಓದುತ್ತಾಳೆ, ಆದರೆ ಹನ್ನೊಂದು ಗಂಟೆಯ ಹೊತ್ತಿಗೆ ಮಗುವನ್ನು ಯಾರ ಮಡಿಲಿಗಾದರೂ ಹಾಕಿ ಹೊರಗೆ ಓಡುತ್ತಾಳೆ. ಗದರಿದರೂ ನಿಲ್ಲುವುದಿಲ್ಲ. ‘ಹಟಮಾರಿ’ ಎಂಬುದು ಅವರ ತೀರ್ಮಾನ.

ನಮ್ಮ ಬಳಿ ಮುಖಗಳ ಪಟ್ಟಿಯೊಂದಿದೆ: ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖ. ಇವತ್ತು ನಿನ್ನ ಮನಸ್ಸು ಹೇಗಿದೆ, ಬೆರಳಿಟ್ಟು ತೋರಿಸು ಎನ್ನಬೇಕು. ಈ ಪಟ್ಟಿಯ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಮಕ್ಕಳು ನಗುವ ಮುಖವನ್ನೇ ತೋರಿಸುತ್ತಾರೆ, ಅಕ್ಕೋರಿಗೆ ಖುಷಿಯಾಗಲಿ ಎಂದು. ಅವಳೂ ಅದನ್ನೇ ತೋರಿಸಿದಳು. ಪಟ್ಟಿಯನ್ನು ಮಡಚಿಟ್ಟು ಜಲ್ಲಿರಾಶಿಯಿಂದ ಐದು ಕಲ್ಲು ಆರಿಸಿ ತಂದೆ.

ಕಲ್ಲಾಟದಲ್ಲಿ ಕಣ್ಣು ಕಲ್ಲಿನ ಮೇಲಿರುತ್ತದೆ, ಎದುರಿನವರ ಮುಖ ನೋಡುವ ಅಗತ್ಯವಿರುವುದಿಲ್ಲ. ಮಾತು ಹೊರಬರುವುದು ಆಗಲೇ. ಅವಳು ನನಗಿಂತ ಬಹಳ ಚುರುಕು. ಕಲ್ಲು ಮೇಲಕ್ಕೆ ಹಾರಿಸಿ, ನೆಲದ ಮೂರನ್ನು ಒಂದೇ ಬೀಸಿಗೆ ಬಾಚಿ, ಬೀಳುವುದನ್ನು ಅಂಗೈಯಲ್ಲಿ ಹಿಡಿಯುತ್ತಿದ್ದಳು. ಹಾಗೆ ಹಿಡಿಯುತ್ತಲೇ ಕೇಳಿದಳು: “ಅಕ್ಕೋರೇ, ಮೂರನೇ ಮಹಡಿಯಿಂದ ಬಿದ್ದರೆ ಸಾಯುತ್ತಾರಾ?”

“ಕೆಲವರು ಸಾಯುತ್ತಾರೆ, ಕೆಲವರು ಉಳಿಯುತ್ತಾರೆ. ಯಾರು ಬಿದ್ದರು?”

“ನಮ್ಮಪ್ಪ. ಸತ್ತಿಲ್ಲ. ಕಾಲು ಮುರಿದು ಊರಲ್ಲಿದ್ದಾನೆ. ಈಗ ಅವ್ವ ಅದೇ ಮಹಡಿಗೆ ಇಟ್ಟಿಗೆ ಹೊರುತ್ತಾಳೆ.”

ಹನ್ನೊಂದಕ್ಕೆ ಚಹಾ ಬರುತ್ತದೆ. ಕೆಲಸದವರೆಲ್ಲ ಮಹಡಿಯ ಅಂಚಿಗೆ ಬಂದು ನಿಲ್ಲುತ್ತಾರೆ. ಅವ್ವ ಕಂಡರೆ ಇವಳು ಒಳಗೆ ಬಂದು ಕೂರುತ್ತಾಳೆ, ಕಾಣದಿದ್ದರೆ ಕಾಣುವ ತನಕ ನಿಲ್ಲುತ್ತಾಳೆ. ಹಟ ಎಂದು ನಾವು ಬರೆದುಕೊಂಡದ್ದು ಇದನ್ನು.

“ಯಾರಿಗೂ ಹೇಳಬೇಡಿ” ಎಂದಳು. ಮಕ್ಕಳ ಈ ಮಾತಿಗೆ ನಾನು ಕಣ್ಣುಮುಚ್ಚಿ ಹೂಂ ಎನ್ನುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಕೊಟ್ಟ ಮಾತನ್ನು ಆಮೇಲೆ ಮುರಿದರೆ ಆ ಮಗು ಇನ್ನೆಂದೂ ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ಹಾಗಾಗಿ ಹೇಳಿದೆ, “ಅವ್ವನಿಗೆ ಮಾತ್ರ ಹೇಳುತ್ತೇನೆ, ನೀನೂ ಜೊತೆಗಿರು.” ಸ್ವಲ್ಪ ಯೋಚಿಸಿ ಒಪ್ಪಿದಳು.

ಸಂಜೆ ಶೆಡ್ಡಿನ ಮುಂದೆ ಅವಳ ತಾಯಿ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡವಳೇ, “ನನ್ನ ಮಗಳಿಗೆ ತಲೆ ಕೆಟ್ಟಿದೆಯೇನ್ರಿ?” ಎಂದಳು. ದರ್ಗಾಕ್ಕೆ ಕರೆದೊಯ್ದು ತಾಯಿತ ಕಟ್ಟಿಸಿದ್ದಳಂತೆ. ಇರಲಿ ಬಿಡಿ, ಬಿಚ್ಚಬೇಡಿ ಎಂದೆ. ಮಗಳ ಭಯವನ್ನು ಹೇಳಿದಾಗ ಹಿಟ್ಟಿನ ಕೈ ನಿಂತಿತು. ತನಗೂ ಮೇಲೆ ಹೋದರೆ ಕಾಲು ನಡುಗುತ್ತದೆ, ರಾತ್ರಿ ನಿದ್ದೆಯಿಲ್ಲ. ಆದರೆ ಮೇಸ್ತ್ರಿಯ ಬಳಿ ಪಡೆದ ಮುಂಗಡ ತೀರುವ ತನಕ ಊರಿಗೆ ಹೋಗುವಂತಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಅವಳ ಮೊಬೈಲಿನಲ್ಲಿ ಉಳಿಸಿಕೊಟ್ಟೆ. ಆದರೆ ಆ ಮನೆಗೆ ಬೇಕಾಗಿದ್ದದ್ದು ಅದಕ್ಕಿಂತ ಹೆಚ್ಚಾಗಿ ಗಂಡನ ಲೇಬರ್ ಕಾರ್ಡ್. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು, ಅಪಘಾತವಾದರೆ ಸಹಾಯಧನ ಕೇಳಬಹುದು. ಕಾರ್ಡ್ ಟ್ರಂಕಿನ ತಳದಲ್ಲಿತ್ತು, ನವೀಕರಣವಾಗಿರಲಿಲ್ಲ. ಆ ಓಡಾಟವನ್ನು ನಮ್ಮ ಕೇಂದ್ರದ ಇನ್ನೊಬ್ಬರು ವಹಿಸಿಕೊಂಡರು. ಅದು ಇನ್ನೂ ಮುಗಿದಿಲ್ಲ.

ಮರುದಿನ ಮೇಸ್ತ್ರಿಯ ಬಳಿ ಹೋದೆ. ಆಕೆಗೆ ಕೆಳಗೇ ಕೆಲಸ ಕೊಡಿ ಎಂದಿದ್ದಕ್ಕೆ, “ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಮೇಡಂ” ಎಂದರು. ಕೇಳಲಿ ಅಂದುಕೊಂಡೆ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ಆಗ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಅದಿದ್ದಿದ್ದರೆ ಈ ಹುಡುಗಿ ತಮ್ಮನನ್ನು ಹೊತ್ತು ತಿರುಗಬೇಕಿರಲಿಲ್ಲ. ಈ ಮಾತನ್ನು ಸೈಟ್ ಎಂಜಿನಿಯರ್ ಕಿವಿಗೆ ಬೀಳುವಷ್ಟು ಜೋರಾಗಿ ಹೇಳಿದೆ. ಕೋಣೆ ಬರಲಿಲ್ಲ. ತಾಯಿಗೆ ಮಾತ್ರ ಕೆಳಗೆ ಮರಳು ಜರಡಿ ಹಿಡಿಯುವ ಕೆಲಸ ಸಿಕ್ಕಿತು, ಕೂಲಿ ಸ್ವಲ್ಪ ಕಡಿಮೆ. ಅವಳು ಕೂಡಲೇ ಒಪ್ಪಿದಳು. ಮಗುವಿನ ನೆಮ್ಮದಿಗೆ ತಾಯಿಯ ಕೂಲಿಯಲ್ಲಿ ಕಡಿತ ಎಂಬ ಲೆಕ್ಕ ನನಗೆ ಇವತ್ತಿಗೂ ಸರಿ ಅನಿಸಿಲ್ಲ.

ಓಟ ಒಮ್ಮೆಲೇ ನಿಲ್ಲಲಿಲ್ಲ. ಕೆಲವು ದಿನ ಬಾಗಿಲ ತನಕ ಬಂದು, ಇಣುಕಿ, ಹಿಂದಿರುಗುತ್ತಿದ್ದಳು. ಟೀಚರಿಗೆ ನಾನು ಹೇಳಿದ್ದು ಇಷ್ಟೇ: ಇಣುಕಲು ಬಿಡಿ, ಹಾಜರಿಯಲ್ಲಿ ಅದನ್ನು ಬರೆಯಬೇಡಿ.

ಯುಗಾದಿಗೆ ಆ ಕುಟುಂಬ ಊರಿಗೆ ಹೊರಟಿತು. ಹುಡುಗಿಯ ಕಲಿಕೆಯ ವಿವರ ಬರೆದು ತಾಯಿಯ ಕೈಗಿಟ್ಟು, ಊರಿನ ಶಾಲೆಗೆ ಫೋನ್ ಮಾಡಿದೆ. ಹೆಡ್‌ಮಾಸ್ತರರು ಟಿಸಿ ಕೇಳಿದರು. ಟಿಸಿ ತಡವಾಯಿತೆಂದು ಪ್ರವೇಶ ತಡಮಾಡುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ ಎಂದೆ. “ಗೊತ್ತು ಮೇಡಂ, ಸುಮ್ಮನೆ ಕೇಳಿದೆ. ಸೋಮವಾರ ಕಳಿಸಿ” ಎಂದರು. ಅವಳ ಅಪ್ಪ ಊರುಗೋಲು ಹಿಡಿದು ನಡೆಯುತ್ತಾನಾದ್ದರಿಂದ ಆಟೊದಲ್ಲಿ ಬರುತ್ತಾರೆ, ಹೊತ್ತಾದರೆ ಬಯ್ಯಬೇಡಿ ಎಂದೂ ಸೇರಿಸಿದೆ.